ಬಸುರಿ ಠ

ನಮ್ಮೂರಿನ ಬಾಗಿಲುಗಳು ಬಡಿದರೆ ತೆರೆಯುವುದಿಲ್ಲ, ಓದಿದರೆ ತೆರೆಯುತ್ತವೆ. ಬಾಗಿಲ ಮೇಲೆ ಬರೆದದ್ದನ್ನು ಅದರೆದುರು ನಿಂತು, ಕಣ್ಣಿಟ್ಟು, ಬಾಯಿಬಿಟ್ಟು, ಒಂದಕ್ಷರ ತಪ್ಪದಂತೆ ಓದಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಬಾಯಿಪಾಠ ಮಾಡಿ ಒಪ್ಪಿಸಿದರೆ ನಡೆಯುವುದಿಲ್ಲ. ಹಿಂದೊಮ್ಮೆ ಜವಳಿ ಅಂಗಡಿಯವನು ಒಂದು ಗಿಣಿಗೆ ತನ್ನ ಬಾಗಿಲನ್ನು ಕಲಿಸಿ ನೋಡಿದ. ಗಿಣಿ ಮೂರು ದಿನ ಕಿರುಚಿ ಗಂಟಲು ಕಟ್ಟಿಸಿಕೊಂಡಿತೇ ಹೊರತು ಬಾಗಿಲು ಮಿಸುಕಲಿಲ್ಲ. ಒಳಗಿನಿಂದ ಹೊರಗೆ ಬರಲು ಮಾತ್ರ ಯಾವ ಓದೂ ಬೇಡ, ಎಳೆದರೆ ಸಾಕು. ಅಡ್ಡ ಕಲ್ಲಿಟ್ಟು ತೆರೆದಿಡೋಣವೆಂದರೆ ಕಲ್ಲನ್ನೇ ನೂಕಿ ಮುಚ್ಚಿಕೊಳ್ಳುತ್ತವೆ. ನಮಗೆ ಇದೆಲ್ಲ ರೂಢಿ. ಪರವೂರಿನಿಂದ ಬಂದ ಬೀಗರು ಮಾತ್ರ ಮೊದಲ ದಿನ ಸ್ವಲ್ಪ ಗಾಬರಿಯಾಗುತ್ತಾರೆ.

ಆ ಬಾಗಿಲುಗಳ ಮೇಲೆ ಬರೆಯುವವನು ನಾನು, ಮೌನೇಶಪ್ಪ. ನಮ್ಮಪ್ಪನೂ ಅದನ್ನೇ ಮಾಡುತ್ತಿದ್ದ. ಆದರೆ ಅವನ ಅಕ್ಷರ ಒಕ್ಕಲಿಗರ ಕೈಯಂತೆ ಒರಟು, ನನ್ನದು ಹಾಗಲ್ಲ. ನಾನು ಒಂದು 'ಕ' ಬರೆದರೆ ಅದರ ತಲೆಕಟ್ಟಿನಿಂದ ಬಳ್ಳಿ ಹೊರಟು, ಬಳ್ಳಿಯಲ್ಲಿ ಹೂ ಬಿಟ್ಟು, ಹೂವಿನ ಮೇಲೆ ದುಂಬಿ ಕೂರಬೇಕು. ಜನ ಬರೆಸುವುದೂ ಅವರವರ ಸ್ವಭಾವಕ್ಕೆ ತಕ್ಕಂತೆ. ಶ್ರೀಮಂತರು ಉದ್ದ ಬರೆಸುತ್ತಾರೆ. ನೆಂಟರನ್ನು ಕಂಡರಾಗದವರು ಒತ್ತಕ್ಷರಗಳನ್ನೇ ಪೇರಿಸಿ ಬರೆಸುತ್ತಾರೆ. ಸಾರಾಯಿ ಅಂಗಡಿಯವನು 'ಬಾ' ಎಂಬ ಒಂದೇ ಅಕ್ಷರ ಬರೆಸಿದ್ದಾನೆ, ನಾಲಿಗೆ ಹೊರಳದವರಿಗೂ ಅಡ್ಡಿಯಾಗಬಾರದೆಂದು. ಪಂಚಾಯ್ತಿಯ ಬಾಗಿಲಿಗೆ 'ಕಾರ್ಯಾಲಯ' ಎಂದು ಬರೆಯುವಾಗ, ದುಂಬಿಯ ಮೀಸೆ ತಿದ್ದುವ ಭರದಲ್ಲಿ ನಾನು ಒಂದು ದೀರ್ಘ ಬಿಟ್ಟೆ. ಅಂದಿನಿಂದ ಇಂದಿನವರೆಗೆ ಸಾಹೇಬರೆಲ್ಲ ಪ್ರತಿ ಬೆಳಿಗ್ಗೆ 'ಕಾರ್ಯಲಯ' ಎಂದು ಓದಿಯೇ ಒಳಗೆ ಹೋಗುತ್ತಾರೆ. ಒಳಗೆ ಆಗುವುದೂ ಅದೇ ಆದ್ದರಿಂದ ಯಾರೂ ತಕರಾರು ಮಾಡಿಲ್ಲ.

ಇಂಥ ಊರಿನಲ್ಲಿ ಮೂವತ್ತು ವರ್ಷ ಮನೆಮನೆ ಹೊಕ್ಕು ಹೆರಿಗೆ ಮಾಡಿಸಿದ ಫಕೀರವ್ವನಿಗೆ ಓದಲು ಬರುವುದಿಲ್ಲವೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಬಸುರಿಗೆ ನೋವು ಶುರುವಾದಾಗ ಅವಳ ಗಂಡನೋ ಅಣ್ಣನೋ ಓಡಿಬಂದು ಫಕೀರವ್ವನನ್ನು ಕರೆಯುತ್ತಿದ್ದ, ಅವನೇ ಮುಂದೆ ಹೋಗಿ ಬಾಗಿಲು ಓದುತ್ತಿದ್ದ, ಇವಳು ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ನುಗ್ಗುತ್ತಿದ್ದಳು. ತನ್ನ ಮನೆಯ ಬಾಗಿಲನ್ನು ಅವಳ ಗಂಡ ಓದುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳು ಬಾಗಿಲನ್ನೇ ಕಿತ್ತು ಮಾರಿ, ಗೋಣಿತಟ್ಟು ಕಟ್ಟಿಕೊಂಡಳು. "ಗಾಳಿ ಬರ್ಲಿ ಅಂತ" ಎಂದಳು. ನಾವು ನಂಬಿದೆವು. ಕೈಯಿಟ್ಟ ಕೂಡಲೇ ಕೂಸಿನ ತಲೆ ಎಲ್ಲಿದೆ, ಕಾಲು ಎಲ್ಲಿದೆ ಎಂದು ಹೇಳುವ ಹೆಂಗಸಿಗೆ ಬಾಗಿಲ ಮೇಲಿನ ನಾಲ್ಕು ಅಕ್ಷರ ಒಂದು ಲೆಕ್ಕವೇ?

ಗುಟ್ಟು ಒಡೆದದ್ದು ಹೊಳೆಬಸು ಎಂಬವನ ದೆಸೆಯಿಂದ. ಅವನು ಹಿಂದಿನ ದಿನ ಕುಸ್ತಿ ನೋಡಲು ಹೋಗಿ ಕೂಗಿ ಕೂಗಿ ಗಂಟಲು ಕಳೆದುಕೊಂಡಿದ್ದ. ಬೆಳಿಗ್ಗೆ ಹೆಂಡತಿ ಗಂಗವ್ವನಿಗೆ ನೋವು ಬಂತು. ಫಕೀರವ್ವನ ಮನೆಗೆ ಓಡಿ ಕೈಸನ್ನೆಯಲ್ಲೇ ವಿಷಯ ತಿಳಿಸಿ ಕರೆತಂದ. ಬಾಗಿಲೆದುರು ನಿಂತು ಬಾಯಿ ತೆರೆದರೆ ತಿದಿಯೊತ್ತಿದಂತೆ ಬರೀ ಗಾಳಿ. ಅವನು ಬಾಗಿಲ ಕಡೆ ಕೈಮಾಡಿ ಫಕೀರವ್ವನಿಗೆ "ನೀವ ಓದ್ರಿ" ಎಂದು ಸನ್ನೆ ಮಾಡಿದ. ನಾನು ಎದುರು ಮನೆಯ ಚೌಕಟ್ಟಿಗೆ ಬಣ್ಣ ಬಳಿಯುತ್ತಿದ್ದೆ. 'ಮನೆಗೆ ಬಂದವರು ನಮ್ಮವರು' ಎಂದು ಆ ಬಾಗಿಲಿಗೆ ಬರೆದವನೂ ನಾನೇ. ಫಕೀರವ್ವ ಬೆವರೊರೆಸಿಕೊಂಡು ಶುರುಮಾಡಿದಳು. "ವ... ವನಗೆ... ದಂಬ... ಬದಂ..." ಅಲ್ಲಿಗೆ ನಿಂತಳು. ಮತ್ತೆ ಶುರುಮಾಡಿದಳು, ಮತ್ತೆ ವನಗೆ. ಒಳಗೆ ಗಂಗವ್ವ ಮೇಲೇಳಲಾರದೆ ಕೂಗುತ್ತಿದ್ದಾಳೆ, ಹೊರಗೆ ಹೊಳೆಬಸು ಗಾಳಿ ಊದುತ್ತಿದ್ದಾನೆ. ಕೊನೆಗೆ, ನಾನು ಏಣಿಯಿಂದ ಇಳಿಯುವಷ್ಟರಲ್ಲಿ, ಪಕ್ಕದ ಮನೆಯ ಎರಡನೇ ಇಯತ್ತೆಯ ಹುಡುಗಿ ಹುಣಸೆಹಣ್ಣು ಚೀಪುತ್ತಾ ಬಂದು, ಚೀಪುವುದನ್ನೂ ನಿಲ್ಲಿಸದೆ ಓದಿ ಬಾಗಿಲು ತೆರೆದಳು. ಓಣಿಗೆ ಓಣಿಯೇ ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಗಂಗವ್ವನಿಗೆ ಗಂಡು ಮಗುವಾಯಿತು, ಇಬ್ಬರೂ ಚೆನ್ನಾಗಿದ್ದರು. ಆದರೆ ಊರಿನ ಬಾಯಿ ಸುಮ್ಮನಿರಲಿಲ್ಲ. "ಬಾಗ್ಲಾ ಓದಾಕ ಬರದಾಕಿ ನಾಡಿ ಹೆಂಗ ಓದ್ತಾಳ?" ಎಂದು ಒಬ್ಬಳು ಅಂದಳು, ಮರುದಿನಕ್ಕೆ ಅದೇ ಗಾದೆಯಾಯಿತು. ಬಸುರಿಯರನ್ನು ಗಾಡಿ ಮಾಡಿಕೊಂಡು ಮುಂದಿನ ಊರಿನ ಆಸ್ಪತ್ರೆಗೆ ಸಾಗಿಸತೊಡಗಿದರು. ಅವಳನ್ನು ಕಂಡರೆ ಹುಡುಗರು "ವನಗೆ ದಂಬದರು" ಎಂದು ಕೂಗುತ್ತಿದ್ದರು. ಮೂರು ತಿಂಗಳು ಫಕೀರವ್ವನನ್ನು ಯಾರೂ ಕರೆಯಲಿಲ್ಲ.

ಒಂದು ಮಧ್ಯಾಹ್ನ ಅವಳು ನನ್ನ ಅಂಗಡಿಗೆ ಬಂದಳು. ನನ್ನ ಅಂಗಡಿಗೆ ಬಾಗಿಲಿಲ್ಲ, ನಾಲ್ಕು ಕಂಬದ ಚಪ್ಪರ ಅಷ್ಟೆ. ಬಂದವಳೇ ಬಣ್ಣದ ಡಬ್ಬಿಯ ಮೇಲೆ ಕುಳಿತು, "ತಮ್ಮಾ ಮೌನೇಶಾ, ನಿನ್ನ ಎರಡೂ ಮಕ್ಕಳನ್ನ ಈ ಕೈಯಾಗ ಹಿಡದೇನಿ. ನನಗ ಓದಾಕ ಕಲಸು" ಎಂದಳು.

"ಯಕ್ಕಾ, ನೀ ಸಾಲಿಗೆ ಹೋಗೇ ಇಲ್ಲೇನು?"

"ಹೋಗೇನಿ. ಒಂದನೇತ್ತೆ ನಾಕು ವರ್ಷ ಓದೇನಿ. ನನ್ನಷ್ಟು ಒಂದನೇತ್ತೆ ಓದಿದಾಕಿ ಈ ಊರಾಗ ಯಾರೂ ಇಲ್ಲ." ಹೇಳಿ ತಾನೇ ನಕ್ಕಳು. ಆಮೇಲೆ ನಗಲಿಲ್ಲ. "ಶೇಷಗಿರಿ ಮಾಸ್ತರ ಆವಾಗ ಹೊಸದಾಗಿ ಬಂದಿದ್ರು. ತಪ್ಪು ಓದಿದ್ರ ಬೆರಳ ಗೆಣ್ಣಿನ ಮ್ಯಾಲ ಹೊಡೀತಿದ್ರು. ನಾಕನೇ ವರ್ಷ, ನಿನ್ನ ತಲಿಯಾಗ ಅಕ್ಷರ ನಿಲ್ಲೂದಿಲ್ಲ, ದನಾ ಕಾಯಲಿಕ್ಕೆ ಹೋಗು ಅಂದ್ರು. ಹ್ವಾದೆ. ದನಾ ಎಲ್ಲಾ ನಿಂತಲ್ಲೇ ನಿಲ್ತಿದ್ದವು. ಅಕ್ಷರಗೋಳು ನಿಲ್ಲಂಗಿಲ್ಲ ತಮ್ಮಾ, ಸಂತಿ ಕೂಡಿಧಂಗ ಒಂದರ ಮ್ಯಾಲ ಒಂದು ಬೀಳ್ತಾವ."

ಸೋಮಾರಿತನಕ್ಕೆ ಇದೊಂದು ನೆಪ ಎಂದೇ ನಾನು ಅಂದುಕೊಂಡೆ. ನೂರು ಸಲ ತಿದ್ದಿಸಿದರೆ ಕಲ್ಲಿಗೂ ಅಕ್ಷರ ಬರುತ್ತದೆ ಎಂಬುದು ನಮ್ಮಪ್ಪನ ಮಾತು. ತಿದ್ದಿಸಿದೆ. ಹದಿನೈದು ದಿನ ತಿದ್ದಿಸಿದೆ. ನೂರು 'ಮ' ಬರೆದು ಮುಗಿಸಿ, ನೂರಾ ಒಂದನೆಯದನ್ನು 'ವ' ಎಂದು ಓದುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿ, ಹೊಸ ಬಾಗಿಲೊಂದನ್ನು ಎಳೆದು ತಂದು, "ಇಷ್ಟು ಚೆಂದ ಬರದೇನಿ, ಇದೂ ಕಾಣಂಗಿಲ್ಲೇನು?" ಎಂದು ಕೇಳಿದೆ.

ಅವಳು ಬಗ್ಗಿ ನೋಡಿದಳು. "ಈ ಸುರುಳಿ ಯಾವ ಅಕ್ಷರ?"

"ಅದು ಅಕ್ಷರಲ್ಲ, ಬಳ್ಳಿ."

"ಈ ಚುಕ್ಕಿ?"

"ದುಂಬಿ."

"ಹಿಂಗ ಬಳ್ಳಿ, ದುಂಬಿ, ಅಕ್ಷರ ಎಲ್ಲಾ ಕೂಡಿಸಿ ಒಂದ ತೊಟ್ಟಿಲದಾಗ ಮಲಗಿಸಿದ್ರ, ನಾ ಯಾವುದನ್ನ ಎತ್ಲಿ?" ಎಂದಳು.

ಇಪ್ಪತ್ತೈದು ವರ್ಷದ ನನ್ನ ಕಲೆಯ ಬಗ್ಗೆ ಇಂಥ ಮಾತು ಯಾರೂ ಆಡಿರಲಿಲ್ಲ. ನಾನು ಮುಖ ಊದಿಸಿಕೊಂಡು ಕುಂಚ ತೊಳೆಯಲು ಕುಳಿತೆ. ಅವಳು ಎದ್ದು ಹೋಗಲಿಲ್ಲ. ಪಕ್ಕದಲ್ಲಿದ್ದ ಗೋಣಿಚೀಲದೊಳಗೆ ಸುಮ್ಮನೆ ಕೈಬಿಟ್ಟು ಆಡಿಸುತ್ತಾ ಕುಳಿತಳು. ಅದರಲ್ಲಿ ಹಳೆಯ ಅಂಗಡಿ ಬೋರ್ಡಿನಿಂದ ಕಿತ್ತ ಮರದ ಅಕ್ಷರಗಳಿದ್ದವು, ನಮ್ಮಪ್ಪ ಕೊರೆದವು, ಬಳ್ಳಿಯಿಲ್ಲ ದುಂಬಿಯಿಲ್ಲ. ಕಣ್ಣು ಬೀದಿಯ ಕಡೆ, ಕೈ ಚೀಲದ ಒಳಗೆ. ಹಾಗೇ ಅಂದಳು: "ಇದು ಮ. ಇದು ವ. ಮಕಾರಕ್ಕ ಬಲಗೈ ಮ್ಯಾಲೆತ್ತಿ ಹೋಗೇತಿ, ವಕಾರಕ್ಕಿಲ್ಲ. ಇಷ್ಟ ಹೌದಲ್ಲ?"

ನನ್ನ ಕೈಯಿಂದ ಕುಂಚ ಬಿತ್ತು. ಚೀಲದ ಬಾಯಿ ಮುಚ್ಚಿ, ಅವಳ ಕಣ್ಣಿಗೆ ಟವೆಲು ಕಟ್ಟಿ, ಒಂದೊಂದೇ ಅಕ್ಷರ ಅಂಗೈಗೆ ಕೊಟ್ಟೆ. ಕೊಟ್ಟದ್ದನ್ನೆಲ್ಲ ಹೇಳಿದಳು. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಂಡಳು, ಮತ್ತೆ ಕೊಟ್ಟಾಗ ಮರೆಯಲಿಲ್ಲ. "ಕಣ್ಣು ಗಡಿಬಿಡಿ ಮಾಡ್ತಾವ ತಮ್ಮಾ, ಕೈ ಮಾಡಂಗಿಲ್ಲ. ಹೊಟ್ಟಿಯೊಳಗಿನ ಕೂಸಿನ್ನ ನಾ ಎಂದರ ಕಣ್ಣಿಲೆ ನೋಡೇನೇನು?" ಎಂದಳು.

ಅಲ್ಲಿಂದ ಪಾಠ ಹೇಳಿದವಳು ಅವಳೇ ಎನ್ನಬೇಕು, ನಾನು ಅಕ್ಷರ ಎತ್ತಿ ಕೊಡುವ ಆಳು. ಅವಳ ವ್ಯಾಕರಣವೇ ಬೇರೆ. ರ ಮತ್ತು ಠ ಕೈಗೆ ಕೊಟ್ಟಾಗ ಬೆರಳಾಡಿಸಿ, "ಅಯ್ಯ, ಇಕಿ ಬಸುರಿ! ಹೊಟ್ಯಾಗ ಚುಕ್ಕಿ ಐತಿ" ಎಂದು ಠಕಾರದ ಬೆನ್ನು ಸವರಿದಳು. ಅಂದಿನಿಂದ ಅದು ಬಸುರಿ ಠ. ಮಹಾಪ್ರಾಣಗಳ ಕೆಳಗಿನ ಸೀಳನ್ನು ಮುಟ್ಟಿ, ಇವನ್ನು ಉಸಿರು ಕೊಟ್ಟು ಹೇಳಬೇಕು ಎಂದು ನಾನು ತಿಳಿಸಿದರೆ, "ಹಂಗಂದ್ರ ಮುಕ್ಕಿ ಹೇಳೂದು" ಎಂದು, ಬಸುರಿಯರಿಗೆ ತಿಣುಕಲು ಹೇಳುವ ತನ್ನ ಹೆರಿಗೆಯ ಭಾಷೆಗೆ ತಂದುಕೊಂಡಳು. ದಕ್ಕೆ ಸುಮ್ಮನೆ, ಧಕ್ಕೆ "ಮುಕ್ಕು!" ಒತ್ತಕ್ಷರವೆಂದರೆ ತಾಯಿಯ ಕಾಲು ಹಿಡಿದು ಜೋತ ಕೂಸು. ನನಗೆ ಹೆದರಿಕೆಯಿದ್ದದ್ದು ಅರ್ಕಾವೊತ್ತಿನದು. ಬರೆಯುವುದು ಹಿಂದೆ, ಓದುವುದು ಮುಂದೆ. ಶಾಲೆಯಲ್ಲಿ ಗಟ್ಟಿ ಹುಡುಗರೇ ಅಲ್ಲಿ ಎಡವುತ್ತಾರೆ. ಅಂಜುತ್ತಲೇ ಹೇಳಿಕೊಟ್ಟೆ. ಫಕೀರವ್ವ ತಲೆದೂಗಿದಳು. "ಗೊತ್ತಾತು ಬಿಡು. ತಲಿ ಮುಂದ ಬರಬೇಕು, ಆದ್ರ ಕಾಲು ಮುಂದ ಬರ್ತಾವ. ಅಂಥಾವು ಹದಿನೇಳು ಹೆರಿಗಿ ಮಾಡಿಸೇನಿ. ಗಾಬರಿ ಆಗಬಾರದು, ಕಾಲು ಮೊದಲು ಹಿಡೀಬೇಕು, ಅಷ್ಟ."

ಕೈಯಿಂದ ಕಣ್ಣಿಗೆ ಬರಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು. ಹಳೆಯ ಲಗ್ನಪತ್ರಿಕೆಯಲ್ಲಿ ಒಂದು ಕಿಂಡಿ ಕತ್ತರಿಸಿ, ಒಂದು ಸಲಕ್ಕೆ ಒಂದೇ ಅಕ್ಷರ ಕಾಣುವಂತೆ ಮಾಡಿಕೊಂಡಳು. ದೊಡ್ಡದಾಗಿ, ಬಿಡಿಬಿಡಿಯಾಗಿ, ಬಳ್ಳಿ ಬಿಟ್ಟು ಬರೆಯುವುದನ್ನು ನಾನೂ ಕಲಿತೆ. ಕೆಲವು ದಿನ ಎಲ್ಲ ಸರಿಯಾಗುತ್ತಿತ್ತು. ಕೆಲವು ದಿನ ಎಲ್ಲ ಮರೆತು, ಚೀಲವನ್ನು ಒದ್ದು ಮನೆಗೆ ಹೋಗಿಬಿಡುತ್ತಿದ್ದಳು. ಮರುದಿನ ಮತ್ತೆ ಬರುತ್ತಿದ್ದಳು. ಊರಿಗೆ ಇದಾವುದೂ ಗೊತ್ತಿರಲಿಲ್ಲ. ಬೋರ್ಡು ಬರೆಸಲು ಬರುತ್ತಿದ್ದಾಳೆಂದು ಹೇಳಿದ್ದೆವು.

ಇಷ್ಟರಲ್ಲಿ ನಮ್ಮೂರಿನ ಓದಿನ ಓಟ ಬಂತು. ವರ್ಷಕ್ಕೊಮ್ಮೆ ನಡೆಯುವ ಪಂದ್ಯ ಅದು. ಹಿರೇಓಣಿಯ ಈ ತುದಿಯಿಂದ ಆ ತುದಿಯವರೆಗೆ ಸಾಲು ಬಾಗಿಲುಗಳನ್ನು ಓದುತ್ತಾ, ತೆರೆಯುತ್ತಾ ಓಡಬೇಕು. ಊರಿಗೆ ಊರೇ ಅಲ್ಲಿ ನೆರೆಯುತ್ತದೆ, ಬೇರೆ ಓಣಿಗಳಲ್ಲಿ ನಾಯಿಯೂ ಉಳಿಯುವುದಿಲ್ಲ. ಮೂವತ್ತು ವರ್ಷಗಳಿಂದ ಶೇಷಗಿರಿ ಮಾಸ್ತರರೇ ಅದರ ತೀರ್ಪುಗಾರರು. ಆ ವರ್ಷ ಮಾತ್ರ ಅವರು ಬರಲಿಲ್ಲ. ಮಗಳು ಇಂದುಮತಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ತಾಯಿಯಿಲ್ಲದ ಮಗಳು. ದಿನ ತುಂಬಲು ಇನ್ನೂ ಹತ್ತು ದಿನವಿದೆ, ನಾಡಿದ್ದು ಮುಂದಿನ ಊರಿನ ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದು ಎಲ್ಲರಿಗೂ ಹೇಳಿದ್ದರು.

ಮುಂದಿನದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಫಕೀರವ್ವನೂ ಮಾಸ್ತರರೂ ಬೇರೆಬೇರೆಯಾಗಿ ಹೇಳಿದ್ದು. ಇಬ್ಬರ ಹೇಳಿಕೆಯೂ ಒಂದೇ, ಯಾರು ಅತ್ತರು ಎನ್ನುವುದೊಂದರಲ್ಲಿ ಮಾತ್ರ ವ್ಯತ್ಯಾಸ.

ಮಧ್ಯಾಹ್ನ ಹನ್ನೆರಡಕ್ಕೆ ಇಂದುಮತಿಗೆ ನೋವು ಬಂತು. ಮಾಸ್ತರರು ಬೀದಿಗೆ ಓಡಿದರೆ ನರಪಿಳ್ಳೆಯಿಲ್ಲ. ನೆನಪಾದವಳು ಒಬ್ಬಳೇ, ಆ ಪಂದ್ಯದ ಕಡೆ ತಲೆಹಾಕದವಳು. ಎಪ್ಪತ್ತೆರಡರ ಮುದುಕ ಧೋತ್ರ ಎತ್ತಿಕಟ್ಟಿ ಓಡುವಾಗ ಕಲ್ಲೆಡವಿ ಬಿದ್ದರು. ಕನ್ನಡಕ ಹಾರಿತು, ಹುಡುಕುತ್ತಾ ತಾವೇ ಅದರ ಮೇಲೆ ಕಾಲಿಟ್ಟರು.

"ಫಕೀರವ್ವಾ, ಲಗೂ ಬಾ. ಹುಡುಗಿ ಒಬ್ಬಾಕಿನ ಇದ್ದಾಳ."

ಅವಳು ಹೆರಿಗೆಯ ಗಂಟು ಎತ್ತಿಕೊಂಡು ಅವರಿಗಿಂತ ಮುಂದೆ ಓಡಿದಳು. ಮಾಸ್ತರರು ತಮ್ಮ ಮನೆಯ ಬಾಗಿಲೆದುರು ನಿಂತು ಓದಲು ಬಾಯಿ ತೆರೆದರು. ಬಾಗಿಲು ಕಂಡಿತು, ಅಕ್ಷರ ಕಾಣಲಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋದರೂ ಬರೀ ಮಂಜು. ಬಾಯಿಪಾಠ ಒಪ್ಪಿಸಿದರು. ಬಾಗಿಲು ಗಿಣಿಗೆ ಕೊಟ್ಟ ಮರ್ಯಾದೆಯನ್ನೇ ಅವರಿಗೂ ಕೊಟ್ಟಿತು. ಹಿತ್ತಲ ಬಾಗಿಲಿನ ಮೇಲೆ ಸಂಧಿಸೂತ್ರ ಬರೆಸಿದ್ದರು, ಅದರ ಮಾತೇ ಬೇಡ. ಒಳಗೆ ಇಂದುಮತಿ, ಎದ್ದು ಬಂದು ಬಾಗಿಲೆಳೆಯುವ ಸ್ಥಿತಿಯಲ್ಲಿಲ್ಲದವಳು, "ಅಪ್ಪಾ" ಎಂದು ಚೀರಿದಳು. ಮಾಸ್ತರರು ಬಾಗಿಲಿಗೆ ಹಣೆ ಇಟ್ಟುಬಿಟ್ಟರು.

"ಆ ಕಡೆ ಸರಿರಿ ಮಾಸ್ತರ. ನಾ ಓದ್ತೇನಿ."

"ನೀನ?"

"ಮತ್ಯಾರದಾರ ಇಲ್ಲಿ?"

ಆ ಬಾಗಿಲ ಮೇಲಿದ್ದದ್ದು ಐದೇ ಪದ. 'ಧರ್ಮಿಷ್ಠರ ಪಾದಸ್ಪರ್ಶದಿಂದ ಧನ್ಯವಾಗಲಿ ಈ ಗೃಹ.' ಬರೆದವನು ನಾನೇ, ಬಳ್ಳಿ ದುಂಬಿ ನವಿಲು ಎಲ್ಲ ಹಾಕಿ. ಕಿಂಡಿಯ ಲಗ್ನಪತ್ರಿಕೆ ಮನೆಯಲ್ಲೇ ಉಳಿದಿತ್ತು. ಫಕೀರವ್ವ ಎರಡೂ ಅಂಗೈಯಿಂದ ಅಕ್ಕಪಕ್ಕದ ಅಕ್ಷರಗಳನ್ನು ಮುಚ್ಚಿ, ನಡುವೆ ಒಂದನ್ನೇ ಉಳಿಸಿಕೊಂಡು ಶುರುಮಾಡಿದಳು.

"ಇದು ದ... ಅಲ್ಲ, ಕೆಳಗ ಸೀಳೈತಿ. ಮುಕ್ಕು! ಧ!"

ಒಳಗಿನಿಂದ ಇಂದುಮತಿ ಪಾಪ, ಸೂಲಗಿತ್ತಿಯ ದನಿ ಕೇಳಿದ್ದೇ ತಡ, ಜೋರಾಗಿ ತಿಣುಕಿದಳು.

"ನಿನಗಲ್ಲ ಮಗಳ, ಧಕಾರಕ್ಕ ಅಂದೆ! ನೀ ಈಗ ಮುಕ್ಕಬ್ಯಾಡ, ಬಾಯಿಲೆ ಉಸಿರು ಬಿಡು, ಸಾವಕಾಶ."

ಮಾಸ್ತರರಿಗೆ ತಲೆಬುಡ ತಿಳಿಯಲಿಲ್ಲ. "ಧರ್ಮಿಷ್ಠರ, ಧರ್ಮಿಷ್ಠರ" ಎಂದು ಹೇಳಿಕೊಡಲು ಬಂದರು. "ನೀವು ಸುಮ್ನ ನಿಂದರ್ರಿ" ಎಂದು ಗದರಿದಳು. "ನೀವು ಗಡಿಬಿಡಿ ಮಾಡಿದ್ರ ನನ್ನ ಅಕ್ಷರ ಓಡಿ ಹೋಗ್ತಾವ. ಧ... ಮಿ... ತಡಿ, ಕಾಲು ಮುಂದ ಐತಿ. ಧರ್... ಧರ್ಮಿ. ಕೆಳಗ ಬಸುರಿ ಕುಂತಾಳ. ಷ್ಠ. ಧರ್ಮಿಷ್ಠರ." ಮಾಸ್ತರರು ಇದು ಯಾವುದೋ ಮಂತ್ರವಿರಬೇಕೆಂದು ಕೈಮುಗಿದು ನಿಂತರಂತೆ.

ಮೊದಲ ಸಲ 'ಸ್ಪರ್ಶ'ವನ್ನು 'ಸ್ಪಶರ' ಮಾಡಿ ಕೆಡಿಸಿದಳು. ಎರಡನೆಯ ಸಲ ಅವಸರಕ್ಕೆ 'ದನ್ಯ' ಎಂದುಬಿಟ್ಟಳು. ಬಾಗಿಲು ಸುಮ್ಮನಿತ್ತು. ಒಳಗಿನ ಕೂಗಿನ ನಡುವಿನ ಬಿಡುವು ಕಡಿಮೆಯಾಗುತ್ತಿತ್ತು. ಆಗ ಅವಳ ಬೆರಳ ಗೆಣ್ಣುಗಳು ಉರಿದವಂತೆ, ಐವತ್ತು ವರ್ಷದ ಹಿಂದಿನ ಉರಿ. ಕಣ್ಣು ಮುಚ್ಚಿದಳು, ಒಂದು ಸಲ ದೀರ್ಘ ಉಸಿರು ಬಿಟ್ಟಳು, ಯಾವ ಬಸುರಿಗೂ ಹೇಳುವಂತೆ ತನಗೇ "ಸಾವಕಾಶ ಯವ್ವಾ" ಎಂದುಕೊಂಡಳು. ಮೂರನೆಯ ಸಲ ಬೆರಳು ಒಂದೊಂದೇ ಅಕ್ಷರದ ಮೇಲೆ ನಡೆಯಿತು. ಬಳ್ಳಿಯನ್ನು ದಾಟಿತು, ದುಂಬಿಯನ್ನು ದಾಟಿತು, ನವಿಲಿನ ಹತ್ತಿರ "ಏ ಮೌನೇಶಾ, ನಿನ್ನ ಮಾರಿ ಮಣ್ಣಾಗ್ಲಿ" ಎನ್ನಲು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. "ಈ... ಗೃ... ಹ."

ಬಾಗಿಲು ತೆರೆಯಿತು. ಫಕೀರವ್ವ ಒಳಗೆ ನುಗ್ಗಿದಳು. ಮಾಸ್ತರರು ಬಾಯಿ ತೆರೆದುಕೊಂಡು ನೋಡುತ್ತಾ ನಿಂತಿದ್ದರಿಂದ ಬಾಗಿಲು ಅವರ ಮೂಗಿನ ಎದುರೇ ಮತ್ತೆ ಮುಚ್ಚಿಕೊಂಡಿತು.

ನಾವು ಪಂದ್ಯ ಮುಗಿಸಿ ಬಂದಾಗ ಶೇಷಗಿರಿ ಮಾಸ್ತರರು ತಮ್ಮ ಮನೆಯ ಕಟ್ಟೆಯ ಮೇಲೆ, ಧೋತ್ರಕ್ಕೆ ಮಣ್ಣು ಮೆತ್ತಿಕೊಂಡು, ಒಳಗಿನ ಕೂಸಿನ ಅಳು ಕೇಳುತ್ತಾ ಕುಳಿತಿದ್ದರು. ಏನಾಯಿತು ಎಂದು ಕೇಳಿದೆವು. ಅವರು ಮುಚ್ಚಿಡಬಹುದಿತ್ತು. ನೋಡಿದವರು ಯಾರೂ ಇರಲಿಲ್ಲ. ಎದ್ದು ನಿಂತು, ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲುವ ಹಾಗೆ ನಿಂತು, "ಬಾಗಲಾ ಫಕೀರವ್ವ ಓದಿದಳು. ನನಗ ಓದಲಿಕ್ಕೆ ಆಗಲಿಲ್ಲ" ಎಂದರು. ಹಿರೇಓಣಿಯ ಪಂದ್ಯದಲ್ಲಿ ಗೆದ್ದವನ ಕೊರಳಲ್ಲಿ ಹಾರವಿತ್ತು. ಅವನು ಅದನ್ನು ಏನು ಮಾಡಬೇಕೆಂದು ತಿಳಿಯದೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಹೆಣ್ಣು ಕೂಸು, ಮೂರು ಸೇರು ತೂಕ, ತಲೆತುಂಬ ಕೂದಲು.

ವಾರದ ಮೇಲೆ ಮಾಸ್ತರರು ನನ್ನ ಚಪ್ಪರಕ್ಕೆ ಬಂದು, ಬಾಗಿಲು ಅಳಿಸಿ 'ಬರ್ರಿ' ಎಂದಷ್ಟೇ ಬರೆದುಕೊಡು ಎಂದರು. ಅಲ್ಲೇ ಇದ್ದ ಫಕೀರವ್ವ ಎದ್ದಳು. "ಅಳಿಸಬ್ಯಾಡ್ರಿ. ಆ ಬಾಗ್ಲಾ ಓದಾಕ ಏಳು ತಿಂಗಳು ಮೈಮುರದು ದುಡದೇನಿ. ಬೇಕಾದ್ರ ನವಿಲು ಅಷ್ಟ ಅಳಿಸಲಿ." ನವಿಲನ್ನು ಅಳಿಸಿದೆ. ನನ್ನ ಕೈಯಾರೆ. ಅದರ ಬಗ್ಗೆ ಹೆಚ್ಚು ಹೇಳಲಾರೆ.

ಅವಳನ್ನು ಹೆರಿಗೆಗೆ ಕರೆಯುವುದು ಮತ್ತೆ ಶುರುವಾಯಿತು. ಅದಕ್ಕಿಂತ ಆಶ್ಚರ್ಯದ್ದು ಬೇರೆ. ಒಬ್ಬೊಬ್ಬರಾಗಿ ಜನ ನನ್ನ ಚಪ್ಪರಕ್ಕೆ ಬರತೊಡಗಿದರು. ಮೊದಲು ಬಂದವನು ಹಿಟ್ಟಿನ ಗಿರಣಿಯ ಸೋಮಪ್ಪ. ಇವನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತವಂತೆ, ನಲವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಆಮೇಲೆ ಎರಡು ಮಕ್ಕಳ ಕೈಹಿಡಿದು ಒಬ್ಬ ತಾಯಿ. ಆಮೇಲೆ ಪಂಚಾಯ್ತಿ ಅಧ್ಯಕ್ಷರೇ, ಮುಖಕ್ಕೆ ಟವೆಲು ಸುತ್ತಿಕೊಂಡು. ಅವರು ಎಲ್ಲಿ ಹೋದರೂ ಇಬ್ಬರನ್ನು ಮುಂದೆ ಬಿಟ್ಟುಕೊಂಡು ಹೋಗುವುದು ದೊಡ್ಡಸ್ತಿಕೆಗೆ ಎಂದು ನಾವು ತಿಳಿದಿದ್ದೆವು. ಫಕೀರವ್ವ ಯಾರನ್ನೂ ನೋಡಿ ನಗಲಿಲ್ಲ, ಯಾರಿಗೂ ನೂರು ಸಲ ತಿದ್ದಿಸಲಿಲ್ಲ. ಚೀಲ ಮುಂದಿಟ್ಟು, "ಕೈ ಹಾಕ್ರಿ" ಎನ್ನುತ್ತಿದ್ದಳು. ಅಧ್ಯಕ್ಷರಿಗೂ ಬಸುರಿ ಠ, ಮಕ್ಕಳಿಗೂ ಬಸುರಿ ಠ.

ಒಂದು ದಿನ ಪಾಠದ ನಡುವೆ ಮಾಸ್ತರರು ಹೊಸ ಕನ್ನಡಕ ಹಾಕಿಕೊಂಡು ಬಂದು ಕಂಬದ ಹತ್ತಿರ ನಿಂತರು. "ಫಕೀರವ್ವಾ, ನಾ ನಲವತ್ತು ವರ್ಷ ಕಲಿಸಿದೆ. ನಿನ್ನಂಥವರು ಎಷ್ಟು ಮಂದಿ ನನ್ನ ವರ್ಗದಾಗ ಇದ್ದರೋ ಏನೋ. ಇದನ್ನ ಹ್ಯಾಂಗ ಕಲಿಸಬೇಕು, ನನಗ ತೋರಸ್ತೀ ಏನು?" ಎಂದರು.

ಅವಳು ಸೋಮಪ್ಪನನ್ನು ಸರಿಸಿ ಜಾಗ ಮಾಡಿದಳು. ಮಾಸ್ತರರು ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತರು, ಕನ್ನಡಕ ತೆಗೆದು ಕಣ್ಣು ಮುಚ್ಚಿದರು, ಅಂಗೈ ಚಾಚಿದರು. ಅವಳು ಒಂದು ಅಕ್ಷರ ಇಟ್ಟಳು. ಊರಿಗೆಲ್ಲ ಅಕ್ಷರ ಕಲಿಸಿದ ಮನುಷ್ಯ ಬೆರಳಾಡಿಸಿ, ಹುಬ್ಬು ಗಂಟಿಕ್ಕಿ, "ದ" ಎಂದರು.

ಅದು ಥ ಆಗಿತ್ತು. ಮಕ್ಕಳು ಕಿಸಕ್ಕನೆ ನಕ್ಕವು. ಮಾಸ್ತರರ ಕೈ ತಟ್ಟನೆ ಹಿಂದಕ್ಕೆ ಹೋಯಿತು, ಹೊಡೆತಕ್ಕೆ ಹೆದರಿದ ಕೈ ಹೋಗುವ ಹಾಗೆ. ಫಕೀರವ್ವ ಆ ಕೈಯನ್ನು ಮೆಲ್ಲಗೆ ಹಿಡಿದು ಮುಂದಕ್ಕೆ ತಂದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಇನ್ನೊಂದ್ ಸಲ ನೋಡ್ರಿ ಮಾಸ್ತರ, ಸಾವಕಾಶ. ಇಲ್ಲಿ ಯಾರೂ ಹೊಡ್ಯಂಗಿಲ್ಲ."